ಬಸ್ಸು ಕುಲುಕಿದರೆ ಎದೆ ಓಡುವುದೇಕೆ?

ಕೋಲಾರ ಸೀಮೆಯ ಮುಳಬಾಗಿಲಿನಿಂದ ಆವನಿ ಊರಿಗೆ ಬಸ್ಸಿನಲ್ಲಿ ಹೋಗುವುದೇನು ದೊಡ್ಡ ಪಯಣವಲ್ಲ. ಆದರೆ ಪೇಸ್‌ಮೇಕರ್ ಹಾಕಿಸಿಕೊಂಡು ಬಂದ ನಮ್ಮ ಸೋದರಮಾವನಿಗೆ ಆ ದಾರಿಯೇ ಬೆಟ್ಟವಾಗಿಬಿಟ್ಟಿತು. "ನಾನು ಕೂತ್ಕೊಂಡೇ ಇರ್ತೀನಪ್ಪ, ಎದೆ ಮಾತ್ರ ಓಡ್ತಾ ಇರ್ತೈತೆ" ಅನ್ನುತ್ತಿದ್ದರು. ಹೊಲದ ಬದುವಿನ ಮೇಲೆ ನಡೆದರೆ ಏನೂ ಇಲ್ಲ. ಬಸ್ಸು ಹತ್ತಿದರೆ ಶುರು. "ಭಯ ಅಷ್ಟೆ, ಬಿಡಿ ಮಾವ" ಅಂತ ನಾವೆಲ್ಲ ಹೇಳಿದೆವು. ತೋರಿಸಿದ ಒಂದು ಕಡೆ ನಿದ್ದೆ ಮಾತ್ರೆ ಬರೆದುಕೊಟ್ಟರು. ಆರು ತಿಂಗಳ ತಪಾಸಣೆಗೆ ಹೋದಾಗ ಯಂತ್ರದ ಲೆಕ್ಕ ಓದುವ ಹುಡುಗ ಒಂದೇ ಪ್ರಶ್ನೆ ಕೇಳಿದ: "ತಾತ, ಬಸ್ಸು ತುಂಬಾ ಕುಲುಕುತ್ತಾ?"

ಮಾವನ ಪೇಸ್‌ಮೇಕರಿನೊಳಗೆ ಮೈಯ ಅಲುಗಾಟ ಗುರುತಿಸುವ ಸೆನ್ಸರ್ ಇತ್ತು. ಮೈ ಅಲುಗಿದರೆ ಮನುಷ್ಯ ನಡೆಯುತ್ತಿದ್ದಾನೆ ಎಂದು ಅದರ ತಿಳಿವಳಿಕೆ. ಗುಂಡಿ ಬಿದ್ದ ರಸ್ತೆಯ ಕುಲುಕಾಟವನ್ನು ಅದು ಓಟ ಅಂದುಕೊಂಡು ಬಡಿತ ಏರಿಸುತ್ತಿತ್ತು. ಹುಡುಗ ಸೆನ್ಸರಿನ ಸೂಕ್ಷ್ಮತೆ ಇಳಿಸಿದ. ಎದೆ ಓಡುವುದು ನಿಂತಿತು. ಭಯ ನಿಲ್ಲಲಿಲ್ಲ. ಆಮೇಲೂ ಒಂದು ವರ್ಷ ಮಾವ ಒಂದು ಕೈಯಲ್ಲಿ ಬಸ್ಸಿನ ಕಂಬಿ, ಇನ್ನೊಂದು ಕೈಯಲ್ಲಿ ತಮ್ಮದೇ ನಾಡಿ ಹಿಡಿದು ಕೂರುತ್ತಿದ್ದರು.

ಪೇಸ್‌ಮೇಕರಿನ ಚರಿತ್ರೆಯನ್ನು ಸಾಮಾನ್ಯವಾಗಿ ಬ್ಯಾಟರಿ, ತಂತಿ, ಗಾತ್ರಗಳ ಕಥೆಯಾಗಿ ಬರೆಯುತ್ತಾರೆ. ನನಗೆ ಅದು ರೋಗಿಗಳ ದೂರುಗಳ ಚರಿತ್ರೆಯಾಗಿ ಕಾಣುತ್ತದೆ. "ಏನೋ ಆಗ್ತೈತೆ" ಎಂದವರ ಮಾತನ್ನು ಮೊದಲು ಮನಸ್ಸಿನ ಖಾತೆಗೆ ಹಾಕಿ, ವರ್ಷಗಳ ಮೇಲೆ ಯಂತ್ರದ ಖಾತೆಗೆ ಬದಲಾಯಿಸಿದ್ದು ಇದರಲ್ಲಿ ಮತ್ತೆ ಮತ್ತೆ ನಡೆದಿದೆ. ತಿರುಗುಮುರುಗಾಗಿಯೂ ನಡೆದಿದೆ.

ಮೊದಲ ದೂರು ನೋವಿನದು. 1952ರಲ್ಲಿ ಬಾಸ್ಟನ್ನಿನ ಪಾಲ್ ಝೋಲ್, ನಿಂತುಹೋಗುತ್ತಿದ್ದ ಹೃದಯವನ್ನು ಎದೆಯ ಚರ್ಮದ ಮೇಲಿಂದಲೇ ವಿದ್ಯುತ್ ಕೊಟ್ಟು ಬಡಿಸಿದರು. ಜೀವವೇನೋ ಉಳಿಯಿತು, ಆದರೆ ಪ್ರತಿ ಬಡಿತಕ್ಕೂ ಎದೆಯ ಮಾಂಸವೆಲ್ಲ ಸೆಳೆದು, ಚರ್ಮ ಸುಡುತ್ತಿತ್ತು. ಮುಂದಿನ ತೊಡಕು ಕರೆಂಟಿನದು. 1957ರ ಅಕ್ಟೋಬರ್ 31ರಂದು ಮಿನಿಯಾಪೊಲಿಸ್‌ನಲ್ಲಿ ಅದು ಹೋಯಿತು. ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿದ ಯಂತ್ರವನ್ನು ನಂಬಿ, ಹೃದಯದ ಶಸ್ತ್ರಚಿಕಿತ್ಸೆಯಾದ ಮಕ್ಕಳ ಜೀವ ಇಡುವುದು ಸಾಧ್ಯವಿಲ್ಲ ಎಂದು ಮನಗಂಡ ಶಸ್ತ್ರವೈದ್ಯ ವಾಲ್ಟನ್ ಲಿಲೆಹೈ, ಉಪಕರಣ ರಿಪೇರಿ ಮಾಡುತ್ತಿದ್ದ ಅರ್ಲ್ ಬ್ಯಾಕನ್ ಅವರನ್ನು ಕರೆದು ಬ್ಯಾಟರಿಯದು ಮಾಡಿಕೊಡಲು ಹೇಳಿದರು. ಬ್ಯಾಕನ್ ಎಲೆಕ್ಟ್ರಾನಿಕ್ಸ್ ಪತ್ರಿಕೆಯೊಂದರಲ್ಲಿದ್ದ ಮೆಟ್ರೊನೋಮ್ ಸರ್ಕ್ಯೂಟನ್ನು ಮಾರ್ಪಡಿಸಿ ಕೆಲವೇ ವಾರಗಳಲ್ಲಿ ತಂದುಕೊಟ್ಟರು. ಸಂಗೀತಗಾರರ ತಾಳದ ಪೆಟ್ಟಿಗೆ ಹೃದಯಕ್ಕೆ ತಾಳ ಹಾಕಿತು. ನಮ್ಮ ಜನ ಪೇಸ್‌ಮೇಕರಿಗೆ ಇಂದಿಗೂ "ಬ್ಯಾಟರಿ" ಅನ್ನುವುದು ಚರಿತ್ರೆಯ ದೃಷ್ಟಿಯಿಂದ ಸರಿಯಾಗಿಯೇ ಇದೆ.

ಮೈಯೊಳಗೆ ಹೂತಿಟ್ಟ ಮೊದಲ ಪೇಸ್‌ಮೇಕರ್ 1958ರ ಅಕ್ಟೋಬರ್ 8ರದು, ಸ್ವೀಡನ್ನಿನ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ. ರೋಗಿ ಆರ್ನೆ ಲಾರ್ಸನ್, 43 ವರ್ಷ. ದಿನಕ್ಕೆ ಇಪ್ಪತ್ತು ಮೂವತ್ತು ಸಲ ಹೃದಯ ತಡೆದು ಮೂರ್ಛೆ ಹೋಗುತ್ತಿದ್ದ ಮನುಷ್ಯ. ವೈದ್ಯ ಓಕೆ ಸೆನಿಂಗ್ ಮತ್ತು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಇನ್ನೂ ಪ್ರಯೋಗದಲ್ಲಿದೆ ಎನ್ನುತ್ತಿದ್ದರೂ ಬಿಡದೆ ಹಟ ಹಿಡಿದವರು ಲಾರ್ಸನ್ ಅವರ ಹೆಂಡತಿ ಎಲ್ಸೆ-ಮಾರಿಯೆ. ಶೂ ಪಾಲಿಷ್ ಡಬ್ಬಿಯನ್ನೇ ಅಚ್ಚು ಮಾಡಿಕೊಂಡು ಎರಕ ಹೊಯ್ದ ಆ ಯಂತ್ರ ಕೆಲವೇ ಗಂಟೆ ನಡೆದು ನಿಂತಿತು. ಮುಂದೆ ಒಂದಾದ ಮೇಲೊಂದರಂತೆ 26 ಪೇಸ್‌ಮೇಕರುಗಳನ್ನು ಬದಲಾಯಿಸಿಕೊಂಡು ಲಾರ್ಸನ್ 2001ರವರೆಗೆ ಬದುಕಿದರು, ತಮಗೆ ಯಂತ್ರ ಕೊಟ್ಟ ಇಬ್ಬರಿಗಿಂತಲೂ ಹೆಚ್ಚು ಕಾಲ. ಕೊನೆಗೆ ಅವರನ್ನು ಒಯ್ದದ್ದು ಹೃದಯವಲ್ಲ, ಚರ್ಮದ ಕ್ಯಾನ್ಸರ್. ಇವತ್ತಿನ ಬ್ಯಾಟರಿ ಸಾಮಾನ್ಯವಾಗಿ ಎಂಟು ಹತ್ತು ವರ್ಷ ಬಾಳುತ್ತದೆ. 'ಯಾವಾಗ ನಿಂತುಬಿಡುತ್ತೋ' ಎಂದು ರಾತ್ರಿಯೆಲ್ಲ ಎದ್ದು ಕೂರುವವರಿಗೆ ನಾನು ಮೊದಲು ಹೇಳುವುದು ಲಾರ್ಸನ್ ಕಥೆಯನ್ನೇ.

ಮೊದಮೊದಲ ಯಂತ್ರಗಳು ಕುರುಡು. ಹೃದಯ ತಾನೇ ಬಡಿದರೂ ಬಡಿಯದಿದ್ದರೂ ನಿಮಿಷಕ್ಕೆ ತಮ್ಮ ಎಪ್ಪತ್ತನ್ನು ಎಣಿಸುತ್ತಲೇ ಇರುತ್ತಿದ್ದವು. ಎರಡು ತಾಳ ಡಿಕ್ಕಿ ಹೊಡೆದಾಗ ರೋಗಿಗೆ ಎದೆಯೊಳಗೆ ಯಾರೋ ಗುದ್ದಿದ ಹಾಗೆ. 1960ರ ದಶಕದ ನಡುವೆ, ಹೃದಯದ ಸ್ವಂತ ಬಡಿತ ಕೇಳಿಸಿಕೊಂಡು ಸುಮ್ಮನಿರಬಲ್ಲ, ಬೇಕಾದಾಗ ಮಾತ್ರ ಕೆಲಸ ಮಾಡುವ ಯಂತ್ರ ಬಂತು. ಒಂಟಿ ಧ್ರುವದ ತಂತಿಗಳ ಕಾಲದಲ್ಲಿ ಯಂತ್ರ ಇಟ್ಟ ಕಡೆ ಎದೆಯ ಸ್ನಾಯು ಪಟಪಟ ಹಾರುತ್ತಿತ್ತು. ಎರಡು ಧ್ರುವದ ತಂತಿ ಬಂದ ಮೇಲೆ ಅದು ಬಹುಮಟ್ಟಿಗೆ ಹೋಯಿತು. ತಂತಿಯ ತುದಿ ಉಸಿರಾಟದ ಸ್ನಾಯುವಾದ ವಪೆಯ ನರಕ್ಕೆ ಹತ್ತಿರವಾದರೆ ನಾಡಿಯ ಲೆಕ್ಕಕ್ಕೆ ಸರಿಯಾಗಿ ಬಿಕ್ಕಳಿಕೆ ಬರುತ್ತದೆ. ಇದು ಈಗಲೂ ಉಂಟು. ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ನೀರು ಕುಡಿದು ಸುಮ್ಮನಾಗುವ ಬಿಕ್ಕಳಿಕೆಯಲ್ಲ ಅದು, ಡಾಕ್ಟರಿಗೆ ಹೇಳಬೇಕಾದದ್ದು.

1968ರಲ್ಲಿ ಕೆನಡಾದ ವೈದ್ಯರು ವರದಿ ಮಾಡಿದ ಸಂಗತಿ ಇದಕ್ಕಿಂತ ವಿಚಿತ್ರ. ರೋಗಿಯೊಬ್ಬರು ಚರ್ಮದಡಿಯ ಯಂತ್ರವನ್ನು ಬೆರಳಲ್ಲಿ ತಿರುವುತ್ತಲೇ ಇದ್ದುದರಿಂದ ತಂತಿ ಸುತ್ತಿಕೊಂಡು ಹೃದಯದಿಂದ ಕಳಚಿ ಬಂದಿತ್ತು. 'ಟ್ವಿಡ್ಲರ್ ಸಿಂಡ್ರೋಮ್' ಎಂದು ಹೆಸರಾಯಿತು. ಯಂತ್ರ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುವ ಕೈ ಯಾರದ್ದಾದರೂ ಇರಬಹುದು. ಅಳುಕು ಬೆರಳಿಗೆ ಇಳಿದು ತಂತಿಯನ್ನೇ ಎಳೆಯಬಲ್ಲದು ಎಂದು ಅಲ್ಲಿ ಕಣ್ಣಿಗೆ ಕಂಡಿತು. ಮನೋವೈದ್ಯರು ಪೇಸ್‌ಮೇಕರ್ ರೋಗಿಗಳ ಕಡೆ ತಿರುಗಿದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, 1970ರ ಆಸುಪಾಸು.

ದೂರು ಕೇಳುವ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 'ಪೇಸ್‌ಮೇಕರ್ ಸಿಂಡ್ರೋಮ್'. ಹೃದಯದಲ್ಲಿ ಮೇಲಿನ ಕೋಣೆ ಮೊದಲು ಕುಗ್ಗಬೇಕು, ಕೆಳಗಿನದು ಆಮೇಲೆ. ಕೆಳಗಿನ ಕೋಣೆಗೆ ಮಾತ್ರ ತಂತಿ ಇಟ್ಟರೆ ಕೆಲವರಲ್ಲಿ ಈ ಸರದಿ ತಪ್ಪುತ್ತದೆ. ಮುಚ್ಚಿದ ಕವಾಟದ ಮೇಲೆ ಮೇಲಿನ ಕೋಣೆ ಕುಗ್ಗಿದಾಗ ರಕ್ತ ಹಿಂದಕ್ಕೆ ಚಿಮ್ಮಿ ಕತ್ತಿನಲ್ಲಿ ಬಡಿಯುತ್ತದೆ. ಬಿ.ಪಿ. ಇಳಿದು ತಲೆ ತಿರುಗುತ್ತದೆ, ಸುಸ್ತು, ಜೊತೆಗೆ ಏನೋ ಆಗಿಬಿಡುತ್ತದೆ ಎಂಬ ದಿಗಿಲು. ಪಟ್ಟಿ ನೋಡಿದರೆ ಥೇಟ್ ಆತಂಕದ ಕಾಯಿಲೆಯದೇ. 1969ರಲ್ಲೇ ಜಪಾನಿನ ಮಿತ್ಸುಯಿ ಇದನ್ನು ಬರೆದಿಟ್ಟಿದ್ದರೂ ಎಷ್ಟು ಜನಕ್ಕೆ ಹೀಗಾಗುತ್ತದೆ ಎಂಬ ಲೆಕ್ಕ ಸಿಗಲು ಮೂವತ್ತು ವರ್ಷ ಬೇಕಾಯಿತು. ಎರಡೂ ಕೋಣೆಗೆ ತಂತಿ ಇರುವ ಯಂತ್ರವನ್ನೇ ಹಾಕಿ, ಕೆಲವರಲ್ಲಿ ಕೆಳಗಿನದನ್ನು ಮಾತ್ರ ನಡೆಸಿ ನೋಡಿದರು. 1998ರಲ್ಲಿ ಪ್ರಕಟವಾದ 407 ವೃದ್ಧರ ಅಧ್ಯಯನದಲ್ಲಿ, ಹಾಗೆ ಒಂದೇ ಕೋಣೆ ನಡೆಸಿದವರ ಪೈಕಿ ಶೇ. 26 ಮಂದಿಯನ್ನು ತಡೆಯಲಾಗದೆ ಎರಡು ಕೋಣೆಗೆ ಬದಲಾಯಿಸಬೇಕಾಯಿತು. 2002ರಲ್ಲಿ ಪ್ರಕಟವಾದ, 2,010 ರೋಗಿಗಳ ಇನ್ನೊಂದು ಅಧ್ಯಯನದಲ್ಲಿ ಈ ಪ್ರಮಾಣ ಶೇ. 18ರಷ್ಟು. ಎಂದರೆ ಒಂದೇ ಕೋಣೆ ನಡೆಸಿದ ನಾಲ್ಕರಿಂದ ಆರು ಜನರಲ್ಲಿ ಒಬ್ಬರ "ಕತ್ತಿನಲ್ಲಿ ಬಡಿತೈತೆ" ಎಂಬ ಮಾತು ಅಕ್ಷರಶಃ ನಿಜ; ಎರಡೂ ಕೋಣೆಗೆ ತಂತಿಯಿದ್ದರೆ ಗುಂಡಿಯೊತ್ತಿ ಸೆಟ್ಟಿಂಗ್ ಬದಲಿಸಿದರೆ ಅದು ಹೋಗುವಂಥದ್ದು. ಅದಕ್ಕೂ ಹಿಂದೆ ಹೀಗೆ ಹೇಳಿಕೊಂಡವರಲ್ಲಿ ಎಷ್ಟು ಮಂದಿ ನಿದ್ದೆ ಮಾತ್ರೆ ನುಂಗಿಕೊಂಡು ಕಾಲ ಕಳೆದರೋ.

ಮಾವನ ಬಸ್ಸಿನ ಸಮಸ್ಯೆ 1980ರ ದಶಕದ ಕೊಡುಗೆ. ಅದಕ್ಕೆ ಮೊದಲು ಆವನಿ ಬೆಟ್ಟ ಹತ್ತಿ ಸೀತಾ-ಪಾರ್ವತಿ ಗುಡಿ ಮುಟ್ಟಬೇಕೆಂದರೆ ಪೇಸ್‌ಮೇಕರಿನವರಿಗೆ ಅರ್ಧ ದಾರಿಗೇ ಉಸಿರು ಸೋಲುತ್ತಿತ್ತು. ಕಾಲು ಕೇಳಿದಷ್ಟು ರಕ್ತ ಕೊಡಲು ಎಪ್ಪತ್ತರ ತಾಳ ಸಾಲದು. ಮೈ ಅಲುಗಿದಂತೆ ಬಡಿತ ಏರಿಸುವ ಸೆನ್ಸರ್ ಬಂದದ್ದು ಇದಕ್ಕಾಗಿ. ಬೆಟ್ಟ ಹತ್ತಿಸಿತು, ಬಸ್ಸಿನಲ್ಲಿ ಬೆದರಿಸಿತು. ಯಂತ್ರ ಜಾಣವಾದಷ್ಟೂ ವಿಚಿತ್ರ ಅನುಭವಗಳ ಬಗೆಯೂ ಹೆಚ್ಚುತ್ತದೆ. ಕೆಲವು ಮಾದರಿಗಳು ರಾತ್ರಿ ಒಂದು ಗಂಟೆ ಸುಮಾರಿಗೆ ಹೃದಯ ಬಡಿಸಲು ಎಷ್ಟು ವಿದ್ಯುತ್ ಬೇಕು ಎಂದು ತಾವೇ ಪರೀಕ್ಷಿಸಿಕೊಳ್ಳುತ್ತವೆ. ಆ ಕೆಲವು ಸೆಕೆಂಡುಗಳ ತಾಳ ಬದಲಾವಣೆಗೆ ಎಚ್ಚರವಾದವನು, ಸರಿರಾತ್ರಿ, ಏನೆಂದುಕೊಂಡಾನು? ಮೊದಲೇ ಒಂದು ಮಾತು ಹೇಳಿದ್ದರೆ ಮಗ್ಗುಲು ಬದಲಿಸಿ ಮಲಗುತ್ತಿದ್ದ.

ಹಾಗೆಂದು ಎಲ್ಲವೂ ಯಂತ್ರದ್ದೇ ಎನ್ನುವಂತಿಲ್ಲ. ಪದೇ ಪದೇ ಮೂರ್ಛೆ ಹೋಗುವ ಒಂದು ಬಗೆಯ ರೋಗಿಗಳಿಗೆ ಪೇಸ್‌ಮೇಕರ್ ಬಹಳ ಒಳ್ಳೆಯದೆಂದು 1990ರ ದಶಕದಲ್ಲಿ ನಂಬಿಕೆಯಿತ್ತು. 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 100 ಮಂದಿಗೂ ಯಂತ್ರ ಹಾಕಿ, ಸುಮಾರು ಅರ್ಧದಷ್ಟು ಜನರಲ್ಲಿ ಅದು ಬಡಿಸದಂತೆ ಇಟ್ಟರು. ಯಾರದ್ದು ನಡೆಯುತ್ತಿದೆ ಎಂದು ರೋಗಿಗೂ ಗೊತ್ತಿಲ್ಲ, ನೋಡುವ ವೈದ್ಯರಿಗೂ ಗೊತ್ತಿಲ್ಲ. ಆರು ತಿಂಗಳ ಕೊನೆಗೆ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಎದೆಯಲ್ಲಿ ಯಂತ್ರವಿದೆ ಎಂಬ ಧೈರ್ಯವೂ ಮದ್ದಾಗಿದ್ದಿರಬಹುದು ಎಂದಾಯಿತು. ಧೈರ್ಯ ಮೈಯನ್ನು ಇಷ್ಟು ನಡೆಸಬಲ್ಲುದಾದರೆ ಅಧೈರ್ಯ ಎಷ್ಟು ನಡೆಸೀತು?

ಅದಕ್ಕೆ ಉತ್ತರ ಸಿಕ್ಕಿದ್ದು ಪೇಸ್‌ಮೇಕರಿನ ದಾಯಾದಿ ಐ.ಸಿ.ಡಿ.ಯಿಂದ. ಮಿಷೆಲ್ ಮಿರೊವ್‌ಸ್ಕಿ ಅವರ ಶ್ರಮದಿಂದ 1980ರಲ್ಲಿ ಬಾಲ್ಟಿಮೋರ್‌ನಲ್ಲಿ ಮೊದಲು ಅಳವಡಿಸಿದ ಈ ಯಂತ್ರ, ತಾಳ ಕೆಟ್ಟ ಹೃದಯಕ್ಕೆ ಒಳಗಿನಿಂದಲೇ ಶಾಕ್ ಕೊಡುತ್ತದೆ. ಒಮ್ಮೆ ಶಾಕ್ ತಿಂದ ಹಲವರು ಅದಾದಾಗ ಏನು ಮಾಡುತ್ತಿದ್ದರೋ ಆ ಕೆಲಸವನ್ನೇ ಬಿಡುತ್ತಾರೆ. ಕೆಲವರಿಗೆ ಬಾರದ ಶಾಕೂ ಬಂದಂತೆ ಅನ್ನಿಸುತ್ತದೆ; ಯಂತ್ರದ ದಾಖಲೆಯಲ್ಲಿ ಏನೂ ಇರುವುದಿಲ್ಲ. ಅಮೆರಿಕದ ಸ್ಯಾಮ್ಯುಯೆಲ್ ಸಿಯರ್ಸ್ ಅವರಂಥ ಮನಃಶಾಸ್ತ್ರಜ್ಞರು ಇದನ್ನೇ ಬದುಕಿನ ಅಧ್ಯಯನವಾಗಿಸಿಕೊಂಡರು. 2012ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್, ಐ.ಸಿ.ಡಿ. ಹಾಕಿಸಿಕೊಂಡವರಿಗೂ ಮನೆಯವರಿಗೂ ತಿಳಿವಳಿಕೆ ಮತ್ತು ಮಾನಸಿಕ ನೆರವು ಚಿಕಿತ್ಸೆಯ ಭಾಗವೇ ಆಗಬೇಕೆಂದು ಹೇಳಿಕೆ ಹೊರಡಿಸಿತು. ಹೆದರಿ ಬಿಟ್ಟ ಕೆಲಸಕ್ಕೆ ಸ್ವಲ್ಪ ಸ್ವಲ್ಪವಾಗಿ ಮರಳಿಸುವ ಮಾತಿನ ಚಿಕಿತ್ಸೆ, ಉಸಿರಾಟದ ಅಭ್ಯಾಸ, ಯೋಗ, ಇಂಥದ್ದೇ ಯಂತ್ರದೊಡನೆ ವರ್ಷಗಟ್ಟಲೆ ಬಾಳಿದವರ ಜೊತೆ ಕೂತು ಮಾತಾಡುವುದು ಇವೆಲ್ಲ ಕೆಲಸಕ್ಕೆ ಬರುತ್ತವೆ.

ನಮ್ಮಲ್ಲಿ? ಕೋಲಾರ ಸೀಮೆಯವರಿಗೆ ಹೃದಯ ಎಂದರೆ ಬೆಂಗಳೂರಿನ 'ಜಯದೇವ' ಆಸ್ಪತ್ರೆ, ಇಲ್ಲವೇ ವೈಟ್‌ಫೀಲ್ಡಿನಲ್ಲಿ 2001ರಿಂದ ಹಣ ಕೇಳದೆ ಚಿಕಿತ್ಸೆ ಕೊಡುತ್ತಿರುವ 'ಸಾಯಿಬಾಬಾ ಆಸ್ಪತ್ರೆ'. ಮನಸ್ಸು ಎಂದರೆ ನಿಮ್ಹಾನ್ಸ್. ಜಯದೇವಕ್ಕೂ ನಿಮ್ಹಾನ್ಸಿಗೂ ನಡುವೆ ಕೆಲವೇ ಕಿಲೋಮೀಟರ್ ಇದ್ದೀತು; ಜನರ ಮನಸ್ಸಿನಲ್ಲಿ ಮಾತ್ರ ಆ ದೂರ ದೊಡ್ಡದು. ಎದೆಗೆ ಬ್ಯಾಟರಿ ಹಾಕಿಸಿಕೊಂಡೆ ಎಂದು ಅಂಗಿ ಸರಿಸಿ ತೋರಿಸುವ ಮನುಷ್ಯ ನಿಮ್ಹಾನ್ಸ್ ಎಂದರೆ 'ನನಗೇನು ಹುಚ್ಚೇ' ಅನ್ನುತ್ತಾನೆ. ಮಾನಸಿಕ ಆರೋಗ್ಯವನ್ನು ಹಳ್ಳಿಗೆ ಒಯ್ಯುವ ಕೆಲಸ ಇದೇ ನಿಮ್ಹಾನ್ಸಿನಿಂದ 1970ರ ದಶಕದಲ್ಲೇ ಬೆಂಗಳೂರಿನ ಪಕ್ಕದ ಸಕಲವಾರದಲ್ಲಿ ಶುರುವಾಗಿ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಗೆ ಹಬ್ಬಿ, ದೇಶಕ್ಕೇ ಮಾದರಿಯಾಯಿತು. 2022ರಿಂದ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರಿಗೆ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಕನ್ನಡದಲ್ಲಿ ಎದೆಗಾರ ಎಂದರೆ ಧೈರ್ಯವಂತ, ಎದೆಗುಂದುವುದು ಎಂದರೆ ಹೆದರುವುದು. ಧೈರ್ಯ, ಭಯ ಎರಡನ್ನೂ ಎದೆಯಲ್ಲೇ ಇಟ್ಟ ಭಾಷೆಯವರಿಗೆ ಎದೆಯೊಳಗಿನ ಯಂತ್ರದ ಅಳುಕು ಕೇವಲ ಅಂಗವೊಂದರ ಸುದ್ದಿಯಾಗಿ ಉಳಿಯುವುದಿಲ್ಲ.

ಅಲ್ಲದೆ ಹೊರದೇಶದ ಕೈಪಿಡಿಗಳಲ್ಲಿ ನಮ್ಮ ಹೆದರಿಕೆಗಳಿಲ್ಲ. ಆವನಿಯಲ್ಲಿ ಕೇಳುವುದು ಬೋರ್‌ವೆಲ್ ಸ್ಟಾರ್ಟರ್ ಒತ್ತಬಹುದೇ ಎಂದು. ಅರ್ತಿಂಗ್ ಸರಿಯಿರುವ ಪ್ಯಾನೆಲ್ ಬೋರ್ಡಿನಲ್ಲಿ ಬಟನ್ ಒತ್ತುವುದಕ್ಕೆ ತೊಂದರೆಯಿಲ್ಲ. ಅದನ್ನು ಬಿಚ್ಚಿ ರಿಪೇರಿಗೆ ಕೂರಬಾರದು. ವೆಲ್ಡಿಂಗ್ ಕಿಡಿಯಿಂದಲೂ ಇಂಡಕ್ಷನ್ ಒಲೆಯಿಂದಲೂ ಎರಡು ಅಡಿ, ಮೊಬೈಲಿನಿಂದ ಒಂದು ಗೇಣು ದೂರ ಸಾಕು. ಮಿಕ್ಸಿ, ಟಿ.ವಿ.ಗಳಿಗೆ ಹೆದರಬೇಕಿಲ್ಲ. ಮೊದಲ ನಾಲ್ಕಾರು ವಾರ ಯಂತ್ರವಿರುವ ಕಡೆಯ ಕೈಯನ್ನು ಭುಜದ ಮೇಲಕ್ಕೆ ಎತ್ತಬೇಡಿ ಎನ್ನುತ್ತಾರೆ. ಇದನ್ನೇ ಜನ್ಮಪೂರ್ತಿಯ ಕಟ್ಟಳೆ ಎಂದುಕೊಂಡು ಹಸುವಿನ ಹಾಲು ಕರೆಯುವುದನ್ನೂ ಬಿಟ್ಟು, ಭುಜ ಹಿಡಿದುಕೊಂಡು ನರಳುವವರನ್ನು ನಾನೇ ನೋಡಿದ್ದೇನೆ. ಹೊಲಿಗೆ ಹಾಕಿದ ಕಡೆ ಕೆಂಪಾದರೆ, ಕೀವು, ಜ್ವರ ಬಂದರೆ, ತಲೆ ತಿರುಗಿ ಬಿದ್ದರೆ ಮಾತ್ರ ಅಳುಕೋ ಯಂತ್ರವೋ ಎಂದು ತರ್ಕ ಮಾಡುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಯಾರೂ ಬಾಯಿಬಿಟ್ಟು ಕೇಳದ ಇನ್ನೊಂದು ಪ್ರಶ್ನೆಯಿದೆ. ಮಾವ ಕೇಳಿದ್ದೂ ಜಗಲಿಯಲ್ಲಿ ನಾವಿಬ್ಬರೇ ಇದ್ದಾಗ, ದನಿ ತಗ್ಗಿಸಿ: "ಇದು ಬಡೀತಾನೇ ಇದ್ರೆ ಪ್ರಾಣ ಹೆಂಗೋ ಹೋಗೋದು?" ಹೋಗುತ್ತದೆ. ಯಂತ್ರ ಬಡಿಯುವುದಿಲ್ಲ, ಬಡಿ ಎಂದು ಸನ್ನೆ ಮಾಡುತ್ತದೆ ಅಷ್ಟೆ. ಮಾಂಸಕ್ಕೆ ಜೀವವಿಲ್ಲದಾಗ ಆ ಸನ್ನೆ ಯಾರಿಗೂ ಕೇಳಿಸುವುದಿಲ್ಲ. ದಹನ ಮಾಡುವವರು ಮಾತ್ರ ಮೊದಲು ಅದನ್ನು ತೆಗೆಸಬೇಕು, ಬೆಂಕಿಯಲ್ಲಿ ಬ್ಯಾಟರಿ ಸಿಡಿಯುತ್ತದೆ. ಉತ್ತರ ಕೇಳಿ ಮಾವ ಬಹಳ ಹೊತ್ತು ಸುಮ್ಮನಿದ್ದು, "ಸರಿ ಹಂಗಾದ್ರೆ" ಎಂದು ಎದ್ದು ಹಸುವಿಗೆ ನೀರು ಇಡಲು ಹೋದರು. ಮಾತ್ರೆಗಿಂತ ಆ ಸಂಜೆಯ ಮಾತೇ ಅವರಿಗೆ ಹೆಚ್ಚು ನಿದ್ದೆ ಕೊಟ್ಟಿತು.

ಪೇಸ್‌ಮೇಕರ್ ಹಾಕುವ ವೈದ್ಯರಲ್ಲಿ ನನ್ನದೊಂದು ಕೋರಿಕೆ. ಮನೆಗೆ ಕಳಿಸುವ ದಿನ ಹತ್ತು ನಿಮಿಷ ಹೆಚ್ಚು ಕೊಡಿ. ಹೇಗನ್ನಿಸಬಹುದು, ಏಕೆ ಹಾಗನ್ನಿಸುತ್ತದೆ, ಯಾವುದಕ್ಕೆ ಓಡಿ ಬರಬೇಕು ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಡಿ. ತಪಾಸಣೆಗೆ ಬಂದಾಗ ಕಂಪ್ಯೂಟರ್ ತೆರೆಯುವ ಮುಂಚೆ, ಬಸ್ಸು ಹತ್ತಿದಾಗ ಹೇಗಿರುತ್ತದೆ ಎಂದು ಕೇಳಿ.