ಬಿನ್ನಹದ ಒಕ್ಕಣೆಯೂ ಬಾಲಶಿಕ್ಷಣವೂ

ಕ್ರಿ.ಶ. 1823ನೆಯ ಆಗಸ್ಟ್ ತಿಂಗಳಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ಎಂಬಾತನು ತನ್ನ ಜಿಲ್ಲೆಯ ಶಾಲೆಗಳನ್ನು ಕುರಿತು ಮದರಾಸಿಗೆ ಒಂದು ವರದಿಯನ್ನು ಕಳುಹಿಸಿದನು. ಆ ಸೀಮೆಯು 1800ರಲ್ಲಿ ಹೈದರಾಬಾದಿನ ನಿಜಾಮನಿಂದ ಕಂಪನಿಯ ಕೈಸೇರಿತ್ತು. ಜಿಲ್ಲೆಯಲ್ಲಿದ್ದ 533 ಶಾಲೆಗಳಲ್ಲಿ 235 ಕನ್ನಡದವು. ಓದುತ್ತಿದ್ದವರು ಒಟ್ಟು 6,641. ಈ ಅಂಕಿಗಳನ್ನು ಇತಿಹಾಸಕಾರರು ಮತ್ತೆ ಮತ್ತೆ ಉದ್ಧರಿಸುತ್ತಾರೆ. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಂಗತಿ ಉಂಟು. ಉಪಾಧ್ಯಾಯನು ಅಲ್ಲಲ್ಲಿಂದ ಹಳೆಯ ಕಾಗದಗಳನ್ನು ಸಂಗ್ರಹಿಸಿ ತಂದು, ಬಗೆಬಗೆಯ ಕೈಬರಹಗಳನ್ನು ಹುಡುಗರಿಂದ ಓದಿಸುತ್ತಿದ್ದನು. ಬಳಿಕ ಸಾಧಾರಣ ಪತ್ರಗಳನ್ನೂ ಕರಾರುಗಳನ್ನೂ ಬರೆಯಲು ಕಲಿಸುತ್ತಿದ್ದನು.

ಈ ಶಿಕ್ಷಣದಿಂದ ಬಾಲಕನಿಗೆ ದೊರೆತದ್ದು ಮುಖ್ಯವಾಗಿ ಒಕ್ಕಣೆ. ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರ, ಚಿರಂಜೀವಿಗೆ ಆಶೀರ್ವಾದ, ಉಭಯಕುಶಲೋಪರಿ ಸಾಂಪ್ರತ—ಇಷ್ಟು ಕೈಗೆ ಬಂದರೆ ಪತ್ರದ ಮುಕ್ಕಾಲು ಪಾಲು ಮುಗಿಯಿತು. ಮನೆಯ ಕಾಗದಕ್ಕೆ ಇದು ಸಾಕು. ಅಧಿಕಾರಿಯ ಮನಸ್ಸನ್ನು ಒಲಿಸಬೇಕಾದ ಬಿನ್ನಹಕ್ಕೆ ಇದು ಸಾಲದು.

ಬಿನ್ನಹದ ವಿದ್ಯೆಯನ್ನು ಪಾರಸಿಯವರು ‘ಇನ್ಶಾ’ ಎಂಬ ಶಾಸ್ತ್ರವನ್ನಾಗಿಯೇ ಬೆಳೆಸಿದ್ದರು. ಕನ್ನಡ ನಾಡಿನ ಬೀದರೇ ಅದಕ್ಕೊಂದು ಪೀಠವಾಗಿತ್ತು. 1472ರಲ್ಲಿ ಅಲ್ಲಿ ಮದರಸೆಯನ್ನು ಕಟ್ಟಿಸಿದ ಬಹಮನೀ ಮಂತ್ರಿ ಮಹಮೂದ್ ಗವಾನನು ‘ಮನಾಜಿರ್-ಉಲ್-ಇನ್ಶಾ’ ಎಂಬ ಲಕ್ಷಣಗ್ರಂಥವನ್ನು ರಚಿಸಿದನು. ಆತನ ಪತ್ರಗಳ ಸಂಕಲನವು ‘ರಿಯಾಜ್-ಉಲ್-ಇನ್ಶಾ’. ಬರೆಯುವವನ ಮತ್ತು ಓದುವವನ ಅಂತಸ್ತನ್ನು ಅರಿತು ಮಾತನ್ನು ಹೊಂದಿಸುವುದು ಈ ಶಾಸ್ತ್ರದ ತಿರುಳು. ವಿಧಿಯ ವಿಡಂಬನೆಯೆಂದರೆ, 1481ರಲ್ಲಿ ಈತನ ಕೊಲೆಗೆ ಕಾರಣವಾದದ್ದೂ ಒಂದು ಪತ್ರವೇ. ಹಗೆಗಳು ಆತನ ಮುದ್ರೆ ಬಿದ್ದ ಬರಿಯ ಕಾಗದದ ಮೇಲೆ ರಾಜದ್ರೋಹದ ಮಾತನ್ನು ಬರೆದು ಸುಲ್ತಾನನಿಗೆ ತೋರಿಸಿದರೆಂದು ಫರಿಸ್ತಾ ಹೇಳುತ್ತಾನೆ. ಮುದ್ರೆ ತನ್ನದು, ಬರಹ ತನ್ನದಲ್ಲವೆಂದು ಗವಾನನು ನುಡಿದರೂ ಸುಲ್ತಾನನು ವಿಚಾರಿಸಲಿಲ್ಲ. ಮುದ್ರೆಗೆ ಇದ್ದ ಬೆಲೆ ಯುಕ್ತಿಗೆ ಇರಲಿಲ್ಲ.

ನಿಜಾಮರ ರಾಜ್ಯದಲ್ಲಿ ಆಡಳಿತದ ಭಾಷೆ 1880ರ ದಶಕದವರೆಗೆ ಪಾರಸಿ, ಅನಂತರ ಉರ್ದು. ಕಲಬುರ್ಗಿ, ರಾಯಚೂರುಗಳ ರೈತನ ಮಗನು ಮೊದಲ ತರಗತಿಗಳಲ್ಲಿ ಕನ್ನಡವನ್ನು ಕಲಿತರೂ ಕಚೇರಿಯ ಬಾಗಿಲಲ್ಲಿ ಅದು ನಡೆಯುತ್ತಿರಲಿಲ್ಲ. ಅರ್ಜಿ ಬರೆದುಕೊಡುವವನಿಗೆ ಕಾಸು ಕೊಟ್ಟು ತನ್ನ ಸಂಕಟವನ್ನು ಬಾಯಲ್ಲಿ ಹೇಳಬೇಕು. ಯಾವುದನ್ನು ಮೊದಲು ಇಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಆತನೇ ನಿರ್ಧರಿಸುವನು. ಹೋದದ್ದು ಕಾಸು ಮಾತ್ರವಲ್ಲ. ತನ್ನ ವ್ಯಾಜ್ಯಕ್ಕೆ ತಾನೇ ಕಾರಣಗಳನ್ನು ಜೋಡಿಸುವ ಅಭ್ಯಾಸವೂ ಹೋಯಿತು. ಈ ನಷ್ಟವನ್ನು ಯಾವ ವರದಿಯೂ ಲೆಕ್ಕ ಹಾಕಿಲ್ಲ.

ಇದೇ ಹೈದರಾಬಾದಿನಲ್ಲಿ 1917ರಲ್ಲಿ ಒಂದು ಬಿನ್ನಹವು ಚರಿತ್ರೆಯನ್ನೇ ತಿರುಗಿಸಿತು. ಅಕ್ಬರ್ ಹೈದರಿಯವರು ಏಳನೆಯ ನಿಜಾಮರಿಗೆ ಸಲ್ಲಿಸಿದ ಅರ್ಜ್‌ದಾಸ್ತ್ ಅದು. ಪರಭಾಷೆಯ ಮೂಲಕ ಬರುವ ವಿದ್ಯೆಯು ನೆನಪಿಗೆ ಹೊರೆಯಾಗುತ್ತದೆ, ಸ್ವತಂತ್ರ ಬುದ್ಧಿಯನ್ನು ಕುಗ್ಗಿಸುತ್ತದೆ ಎಂಬುದು ಅದರ ವಾದ. ಪರಿಹಾರವೆಂದರೆ ದೇಶಭಾಷೆಯ ವಿಶ್ವವಿದ್ಯಾಲಯ. ನಿಜಾಮರು ಒಪ್ಪಿ, ಅದೇ ವರ್ಷ ಫರ್ಮಾನು ಹೊರಡಿಸಿದರು. ಇಂಗ್ಲಿಷ್ ಕಡ್ಡಾಯ ವಿಷಯವಾಗಿ ಉಳಿಯಿತು. ಇಂಗ್ಲಿಷ್ ಬಿಟ್ಟರೆ ಹುಡುಗರ ಗತಿಯೇನೆಂಬ ಆಕ್ಷೇಪಕ್ಕೆ ಅಲ್ಲಿ ಉತ್ತರವಿತ್ತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪಿತವಾಯಿತು. ಕೇಡು, ಕೇಡಿನ ಕಾರಣ, ಪರಿಹಾರ, ಆಕ್ಷೇಪದ ನಿವಾರಣೆ—ಯೋಜನೆಯಲ್ಲಿ ಕುಂದಿಲ್ಲ. ಆದರೆ ಆರಿಸಿದ ದೇಶಭಾಷೆ ಉರ್ದು. ತೆಲುಗು, ಮರಾಠಿ, ಕನ್ನಡಗಳನ್ನಾಡುವ ಬಹುಸಂಖ್ಯಾತ ಪ್ರಜೆಗಳ ಮಕ್ಕಳಿಗೆ ಅದೂ ಕಲಿಯಬೇಕಾದ ಭಾಷೆಯೇ ಆಗಿತ್ತು. ವಾದವು ಸತ್ಯ; ಅದರ ಅನ್ವಯವು ಅರ್ಧ.

1956ರ ನವೆಂಬರ್ 1ರಂದು ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡ ಭಾಗಗಳು ಮೈಸೂರು ರಾಜ್ಯಕ್ಕೆ ಸೇರಿದವು. ಹೈದರಾಬಾದು ನಗರದ ಕನ್ನಡಿಗರು ಹೊರಗುಳಿದರು. ಭಾಷೆಯ ಅಡ್ಡಿ ತೊಲಗಿದಲ್ಲಿಯೂ ಒಕ್ಕಣೆಯ ಮೋಹ ತೊಲಗಲಿಲ್ಲ. ಇಂದಿಗೂ ಪತ್ರಲೇಖನವೆಂದರೆ ಮಗುವು ‘ಇಂದ’, ‘ಗೆ’, ‘ಮಾನ್ಯರೇ’, ‘ವಿಷಯ’ ಎಂದು ಕಂಠಪಾಠ ಮಾಡುತ್ತದೆ. ನಡುವಿನ ಎರಡು ವಾಕ್ಯಗಳಲ್ಲಿ ಕೋರಿಕೆ ಇರುತ್ತದೆ, ಕಾರಣವಿರುವುದು ಅಪರೂಪ.

ಹೈದರಿಯವರ ಬಿನ್ನಹದ ಕ್ರಮವನ್ನು ತರಗತಿಯಲ್ಲಿ ಪಾಠವಾಗಿ ಇಡಬಹುದು. ಕೊಡುವ ಅಧಿಕಾರ ಯಾರದು, ಬೇಕಾದುದು ಏನು, ಏಕೆ, ಆತನು ಏನೆಂದು ನಿರಾಕರಿಸಬಹುದು—ಇವನ್ನು ಬರೆಯುವ ಮುನ್ನ ಮಗುವು ಬೇರೊಂದು ಹಾಳೆಯಲ್ಲಿ ಗುರುತಿಸಿಕೊಳ್ಳಲಿ. ಬಳಿಕ ಅದೇ ವಾದವನ್ನು ಕನ್ನಡದ ಪರವಾಗಿ, 1917ರ ನಿಜಾಮರಿಗೇ ಬರೆಯಲಿ. ಮೊದಲ ಮೂರು ಪ್ರಶ್ನೆಗಳಿಗೆ ಉತ್ತರಗಳು ಸುಲಭವಾಗಿ ಒದಗುತ್ತವೆ. ಮಗು ತಡೆಯುವುದು ನಾಲ್ಕನೆಯದರಲ್ಲಿ: ರಾಜ್ಯದಲ್ಲಿ ಭಾಷೆಗಳು ನಾಲ್ಕು, ಹಾಗಾದರೆ ವಿಶ್ವವಿದ್ಯಾಲಯಗಳು ಎಷ್ಟು?