ಕಳಚಿಟ್ಟ ವೇಷಗಳ ಮುಂದಿನ ಕಥೆ

ಬಯಲಾಟ ಮುಗಿದು ಬೆಳಗಾಗುವಾಗ ಚೌಕಿಯಲ್ಲಿ ಕಳಚಿಟ್ಟ ವೇಷಗಳು ಪೆಟ್ಟಿಗೆ ಸೇರುತ್ತವೆ. ಮರುರಾತ್ರಿ ಇನ್ನೊಂದು ಊರಿನಲ್ಲಿ ಹೊರಬರುತ್ತವೆ. ನಿನ್ನೆ ಒಬ್ಬರು ತೊಟ್ಟ ದಗಲೆಯನ್ನು ನಾಳೆ ಮತ್ತೊಬ್ಬರು ತೊಡುವುದು ಕಾಸರಗೋಡಿನ ಕಲಾಭಿಮಾನಿಗಳಿಗೆ ಹೊಸತಲ್ಲ. ಇಂಗ್ಲೆಂಡಿನ ಟಿ.ವಿ. ಧಾರಾವಾಹಿಗಳಲ್ಲಿ ಕಾಣುವ ಹಳೆಯ ಕಾಲದ ಉಡುಪುಗಳಿಗೂ ಬಹುಮಟ್ಟಿಗೆ ಇದೇ ಕ್ರಮವಿದೆ ಎಂಬುದು ಮಾತ್ರ ಅನೇಕರಿಗೆ ತಿಳಿದಿರಲಾರದು.

ಲಂಡನ್ನಿನ ಏಂಜಲ್ಸ್ ಮನೆತನದ ಅಂಗಡಿ 1840ರಲ್ಲಿ ಆರಂಭವಾದದ್ದು ಹಳೆಬಟ್ಟೆಯ ವ್ಯಾಪಾರವಾಗಿ. ನಟರು ಕ್ರಯಕ್ಕೆ ಬದಲು ಬಾಡಿಗೆಗೆ ಕೇಳತೊಡಗಿದರು. ವ್ಯಾಪಾರದ ದಾರಿಯೇ ಬದಲಾಯಿತು. 2008ರಲ್ಲಿ ಬಿ.ಬಿ.ಸಿ.ಯ ಉಡುಪುಗಳ ಉಗ್ರಾಣವೂ ಇವರ ಪಾಲಾಯಿತು. 1965ರಲ್ಲಿ ಜಾನ್ ಬ್ರೈಟ್ ಸ್ಥಾಪಿಸಿದ ಕಾಸ್‌ಪ್ರಾಪ್ ಇಂಥದೇ ಇನ್ನೊಂದು ಸಂಸ್ಥೆ.

ಧಾರಾವಾಹಿ ಮುಗಿದೊಡನೆ ಉಡುಪು ಉಗ್ರಾಣಕ್ಕೆ ಮರಳುತ್ತದೆ. ಮುಂದೆ ತೊಡುವವರ ಮೈಗೆ ಹೊಂದುವಂತೆ ಹೊಲಿಗೆ ಬಿಚ್ಚಿ ಸಡಿಲಿಸುತ್ತಾರೆ, ಇಲ್ಲವೆ ಬಿಗಿ ಮಾಡುತ್ತಾರೆ. ಅಂಚು, ಗುಂಡಿಗಳನ್ನು ಬದಲಿಸುತ್ತಾರೆ. ಹಿಂದೆ ಯಾರು ತೊಟ್ಟಿದ್ದರೆಂಬುದಕ್ಕೆ ಒಳಮಗ್ಗುಲಲ್ಲಿ ಹೊಲಿದ ಹೆಸರಿನ ಪಟ್ಟಿಯೇ ಸಾಕ್ಷಿ. ಒಗೆಯುವುದಂತೂ ದೊಡ್ಡ ಫಜೀತಿ. 2010ರಿಂದ 2015ರವರೆಗೆ ಪ್ರಸಾರವಾದ 'ಡೌನ್‌ಟನ್ ಅಬ್ಬೆ'ಯಲ್ಲಿ ಬಟ್ಟೆ ಹಾಳಾದೀತೆಂದು ಇಡೀ ಉಡುಪನ್ನು ಒಗೆಯದೆ, ಕಂಕುಳಿನ ತುಂಡುಗಳನ್ನಷ್ಟೇ ಬಿಚ್ಚಿ ಒಗೆಯುತ್ತಿದ್ದರಂತೆ! ಸೆಕೆಯಲ್ಲಿ ರಾತ್ರಿಯಿಡೀ ವೇಷ ಕಟ್ಟಿ ಕುಣಿಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2014ರಲ್ಲಿ ಅದೇ ಧಾರಾವಾಹಿಯ ಸುಮಾರು 40 ಉಡುಪುಗಳು ಅಮೆರಿಕದ ವಿಂಟರ್‌ಥರ್ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಕ್ಕೆ ನಿಂತವು.

ಎಲ್ಲಕ್ಕಿಂತ ವಿಚಿತ್ರವಾದುದು ಒಂದು ಬಿಳಿ ಅಂಗಿಯ ಕಥೆ. ಜೇನ್ ಆಸ್ಟೆನ್ ಕಾದಂಬರಿಯನ್ನು ಆಧರಿಸಿ ಬಿ.ಬಿ.ಸಿ. 1995ರಲ್ಲಿ 'ಪ್ರೈಡ್ ಅಂಡ್ ಪ್ರೆಜುಡಿಸ್' ಧಾರಾವಾಹಿಯನ್ನು ಪ್ರಸಾರ ಮಾಡಿತು. ನಾಯಕನಾದ ಕಾಲಿನ್ ಫರ್ತ್ ಕೊಳದಲ್ಲಿ ಈಜಿ ಒದ್ದೆ ಅಂಗಿಯಲ್ಲೇ ನಡೆದು ಬರುವ ದೃಶ್ಯ ಮನೆಮಾತಾಯಿತು. ಉಡುಪುಗಳನ್ನು ವಿನ್ಯಾಸ ಮಾಡಿದವರು ಡೈನಾ ಕಾಲಿನ್. ಅವರಿಗೆ ಎಮ್ಮಿ ಪ್ರಶಸ್ತಿಯೂ ಬಂತು. 2016ರಲ್ಲಿ ಆ ಅಂಗಿ ವಾಷಿಂಗ್ಟನ್ನಿನ ಫೋಲ್ಜರ್ ಗ್ರಂಥಾಲಯದಲ್ಲಿ ಪ್ರದರ್ಶನಗೊಂಡಿತು. 2024ರ ಮಾರ್ಚ್‌ನಲ್ಲಿ ಕಾಸ್‌ಪ್ರಾಪ್ ತನ್ನ ಸಂಗ್ರಹದ ಉಡುಪುಗಳನ್ನು ಹರಾಜಿಗಿಟ್ಟಾಗ ಅದಕ್ಕೆ 20,000 ಪೌಂಡ್ ಬಂತು. ಹಣ ಹೋದದ್ದು ಮಕ್ಕಳಿಗೆ ಕಲೆ ಕಲಿಸುವ, ಬ್ರೈಟ್ ಅವರದೇ ಪ್ರತಿಷ್ಠಾನಕ್ಕೆ.

ಸದುದ್ದೇಶ ಶ್ಲಾಘನೀಯವೇ ಸರಿ. ಆದರೆ ಅಂಗಿಯ ಪಾಲಿಗೆ ಅಲ್ಲಿಗೆ ಬಣ್ಣದ ಬದುಕು ಮುಗಿದಂತೆ. ಅಷ್ಟು ಬೆಲೆ ತೆತ್ತವರು ಅದನ್ನು ಇನ್ನಾವ ನಟನಿಗೆ ತೊಡಲು ಕೊಟ್ಟಾರು? ಏಂಜಲ್ಸ್ ಉಗ್ರಾಣದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ಉಡುಪುಗಳಿವೆ. ಹೆಸರಿಲ್ಲದ ದರ್ಜಿಗಳು ಹರಿದುದನ್ನು ಹೊಲಿದು ಕೊಡುತ್ತಾರೆ, ಅವು ಮತ್ತೆ ಬಾಡಿಗೆಗೆ ಹೊರಡುತ್ತವೆ.