ಸೈಕಲ್ ಬಂತು, ಹೆಲ್ಮೆಟ್ ಬರಲಿಲ್ಲ

2006-07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿ ಮಕ್ಕಳೂ ಸೈಕಲ್ ಏರಿದರು. ಜೊತೆಗೆ ಹೆಲ್ಮೆಟ್ ಬರಲಿಲ್ಲ, ನಾವೂ ಕೇಳಲಿಲ್ಲ.

ರೇಸ್ ಸವಾರರಿಗೂ ಬುದ್ಧಿ ಬಂದದ್ದು ತಡವಾಗಿಯೇ. 2003ರ ಮಾರ್ಚ್‌ನಲ್ಲಿ ಫ್ರಾನ್ಸಿನ ರೇಸೊಂದರಲ್ಲಿ ಹೆಲ್ಮೆಟ್ ಇಲ್ಲದೆ ಬಿದ್ದ ಕಜಕಿಸ್ತಾನದ ಆಂದ್ರೆ ಕಿವಿಲೆವ್ ತಲೆಗೆ ಪೆಟ್ಟಾಗಿ ತೀರಿಕೊಂಡರು. ಅದೇ ವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಹೆಲ್ಮೆಟ್ ಕಡ್ಡಾಯ ಮಾಡಿತು.

ಶಿರಾ ಹೆದ್ದಾರಿಯಲ್ಲಿ ಲಾರಿಗಳ ಪಕ್ಕ ಸೈಕಲ್ ತುಳಿಯುವ ನಮ್ಮ ಮಕ್ಕಳಿಗೂ ಅದು ಬೇಕು. ಕೊಳ್ಳುವ ಮುಂಚೆ ಹುಬ್ಬಿನ ಮೇಲೆ ಟೇಪು ಸುತ್ತಿ ತಲೆಯ ಅಳತೆ ತೆಗೆಯಿರಿ. ಹೆಲ್ಮೆಟ್ ಹುಬ್ಬಿಗಿಂತ ಎರಡು ಬೆರಳು ಮೇಲೆ ಕೂರಲಿ. ಗದ್ದದ ಪಟ್ಟಿಯೊಳಗೆ ಒಂದೇ ಬೆರಳು ತೂರಲಿ. ತಲೆ ಅಲ್ಲಾಡಿಸಿದರೆ ಜಾರಬಾರದು. ಬೆಳೆಯುವ ಹುಡುಗ ಅಂತ ದೊಡ್ಡದು ತರಬೇಡಿ. ಅದು ಯೂನಿಫಾರಂ ಅಲ್ಲ.